ಬೇಲಿ ನಿಲ್ಲದ ಗಡಿ
ಭಾರತ–ಬಾಂಗ್ಲಾದೇಶ ಗಡಿಯ ಉದ್ದ 4,096 ಕಿಲೋಮೀಟರ್. ಅದರ ಬಹುಭಾಗಕ್ಕೆ ಮುಳ್ಳುತಂತಿ ಬೇಲಿ ಬಂದಿದೆ. ಆದರೆ ಅಸ್ಸಾಮಿನ ಧುಬ್ರಿಯಲ್ಲಿ ಬ್ರಹ್ಮಪುತ್ರ ಯಾವ ಬೇಲಿಗೂ ಜಗ್ಗುವುದಿಲ್ಲ. ಇಲ್ಲಿ 61 ಕಿಲೋಮೀಟರ್ ಗಡಿ ನದಿಯ ಕವಲುಗಳಲ್ಲಿ, ಮರಳದಿಣ್ಣೆಗಳ ನಡುವೆ ಹಾದುಹೋಗುತ್ತದೆ. ಹೋದ ವರ್ಷದ ದಿಣ್ಣೆ ಈ ಮಳೆಗಾಲ ಮುಗಿಯುವಷ್ಟರಲ್ಲಿ ಕೊಚ್ಚಿಹೋಗಿರಬಹುದು, ಕಂಬ ನೆಡುವುದೆಲ್ಲಿ? ಹಾಗಾಗಿ 2019ರ ಮಾರ್ಚ್‌ನಲ್ಲಿ ಹಗಲು ರಾತ್ರಿ ಕಣ್ಣಿಡುವ ಕ್ಯಾಮೆರಾ, ನುಸುಳುವಿಕೆ ಪತ್ತೆಹಚ್ಚುವ ಸಾಧನ, ಆಪ್ಟಿಕಲ್ ಫೈಬರ್, ಮೈಕ್ರೋವೇವ್ ಸಂಪರ್ಕ ಎಲ್ಲವನ್ನೂ ಹೆಣೆದ ಕಾವಲು ವ್ಯವಸ್ಥೆ ಇಲ್ಲಿ ಉದ್ಘಾಟನೆಯಾಯಿತು. ಒಳ್ಳೆಯದೇ. ಆದರೂ ಪರದೆಯ ಮೇಲೆ ಚುಕ್ಕಿ ಮೂಡಿದ ಮೇಲೆ ಕತ್ತಲಲ್ಲಿ ದೋಣಿ ಹತ್ತಬೇಕಾದವನು ಬಿಎಸ್‌ಎಫ್ ಜವಾನನೇ. ಅವನು ತಡವಾದರೆ ಕ್ಯಾಮೆರಾ ಬರೀ ಸಾಕ್ಷಿ. ಸುಳಿವು ಯಂತ್ರದಿಂದಲೇ ಬರಬೇಕೆಂದೂ ಇಲ್ಲ: 1999ರ ಮೇ ತಿಂಗಳಲ್ಲಿ ಕಾರ್ಗಿಲ್‌ನ ನುಸುಳುಕೋರರ ಸುದ್ದಿ ಸೇನೆಗೆ ಮುಟ್ಟಿದ್ದು ಸ್ಥಳೀಯ ದನಕುರಿಗಾಹಿಗಳಿಂದ. ಆ ಪೆಟ್ಟಿನ ನಂತರವೇ, 2001ರಲ್ಲಿ, ಮಂತ್ರಿಗಳ ಗುಂಪು ಒಂದು ಗಡಿಗೆ ಒಂದೇ ಪಡೆ ಎಂಬ ಸೂತ್ರ ಮುಂದಿಟ್ಟಿತು. ನೇಪಾಳ ಗಡಿ ಸಶಸ್ತ್ರ ಸೀಮಾ ಬಲದ ಪಾಲಿಗೆ ಬಂತು, ಚೀನಾ ಗಡಿ ಐಟಿಬಿಪಿಗೆ. ತಪ್ಪಾದರೆ ಯಾರನ್ನು ಕೇಳಬೇಕು ಎಂಬುದಾದರೂ ಸ್ಪಷ್ಟವಾಯಿತು. ಇನ್ನು ಕೆಲವು ಕಗ್ಗಂಟುಗಳನ್ನು ಯಾವ ಪಡೆಯೂ ಬಿಡಿಸಲಾರದು. ಬಾಂಗ್ಲಾದೇಶದೊಳಗೆ ಭಾರತದ 111, ಭಾರತದೊಳಗೆ ಅದರ 51 ತುಣುಕು ನೆಲಗಳು ದಶಕಗಳ ಕಾಲ ಸಿಕ್ಕಿಬಿದ್ದಿದ್ದವು. ಅವುಗಳ ಸುತ್ತ ಕಾವಲು ಹಾಕುವುದು ಆಗದ ಮಾತಾಗಿತ್ತು. 2015ರ ಜುಲೈ 31ರ ನಡುರಾತ್ರಿ ಎರಡೂ ದೇಶಗಳು ಅವನ್ನು ವಿನಿಮಯ ಮಾಡಿಕೊಂಡವು. ಕೆಲಸ ಮುಗಿಸಿದ್ದು ಬಂದೂಕಲ್ಲ, ಭೂಗಡಿ ಒಪ್ಪಂದ.