ಬೆಕ್ಕಿನ ಬಾಯಿಂದ ಬಿಡಿಸಿದ ಮೇಲೆ

‘ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ’ ಎಂಬ ಗಾದೆಯನ್ನು ನಾವೆಲ್ಲರೂ ಚಿಕ್ಕಂದಿನಿಂದಲೇ ಕೇಳಿದ್ದೇವೆ. ಆದರೆ ಪ್ರಾಣಸಂಕಟ ಇಲಿಗೆ ಮಾತ್ರವಲ್ಲ. ಅಡಿಕೆ ತೋಟದ ಅಳಿಲು, ಬೇಲಿಯ ಪಿಕಳಾರ, ಅಂಗಳದ ಮಡಿವಾಳ ಹಕ್ಕಿ, ಕಲ್ಲುಸಂದಿಯ ಅರಣೆ, ಎಲ್ಲವೂ ನಮ್ಮ ಸಾಕುಬೆಕ್ಕಿಗೆ ಒಂದೇ. ಎಷ್ಟೋ ಸಲ ಅದು ಅರೆಜೀವದ ಬೇಟೆಯನ್ನು ಮನೆಯ ಜಗಲಿಗೇ ತಂದು ಹಾಕುತ್ತದೆ. ಆಗ ನಾವೇನು ಮಾಡಬೇಕು? ಈ ಪ್ರಶ್ನೆಗೆ ಉತ್ತರ ತಿಳಿಯದೆ ನಾವು ಒಂದು ಜೀವವನ್ನು ಕಳೆದುಕೊಂಡೆವು. ಅದಕ್ಕಾಗಿಯೇ ಈ ಬರಹ.

ಕಳೆದ ಬೇಸಿಗೆಯ ಆರಂಭದಲ್ಲಿ ನಮ್ಮ ಶಾಲೆಯ ಬೇಲಿಯಲ್ಲಿ ಪಿಕಳಾರವೊಂದು ಗೂಡು ಕಟ್ಟಿತ್ತು. ಒಂದು ದಿನ ಮಧ್ಯಾಹ್ನದ ಬಿಡುವಿನಲ್ಲಿ ಪಕ್ಕದ ಮನೆಯ ಬೆಕ್ಕು ಅದರ ಮರಿಯನ್ನು ಕಚ್ಚಿಕೊಂಡು ಓಡಿತು. ನಾವು ಹತ್ತನೆಯ ತರಗತಿಯವರು ಬೆನ್ನಟ್ಟಿ ಬಿಡಿಸಿದೆವು. ಎಲ್ಲಿಯೂ ರಕ್ತ ಕಾಣಲಿಲ್ಲ. ‘ಬದುಕಿತು’ ಎಂದು ಹಿಗ್ಗಿದೆವು. ಮರಿ ಕೈಯಿಂದ ಕೈಗೆ ಹೋಯಿತು. ಒಬ್ಬಳು ಹಾಲು ಹನಿಸಿದಳು, ಇನ್ನೊಬ್ಬ ಅನ್ನದ ಅಗುಳು ತುರುಕಿದ. ಮರುದಿನ ಬೆಳಗ್ಗೆ ಬಂದು ನೋಡುವಾಗ ಅದು ಸತ್ತುಬಿದ್ದಿತ್ತು.

ಜೀವಶಾಸ್ತ್ರದ ಟೀಚರರಲ್ಲಿ ಕೇಳಿದಾಗ ನಮ್ಮ ತಪ್ಪುಗಳು ಒಂದೊಂದಾಗಿ ತಿಳಿದವು. ಬೆಕ್ಕಿನ ಹಲ್ಲು ಸೂಜಿಯಂತೆ ಸಪೂರ. ಗಾಯ ಗರಿಯ ಅಡಿಯಲ್ಲಿ ಅಡಗಿರುತ್ತದೆ. ಬೆಕ್ಕಿನ ಬಾಯಲ್ಲಿ ಪಾಶ್ಚುರೆಲ್ಲ ಎಂಬ ಬ್ಯಾಕ್ಟೀರಿಯ ಸಾಮಾನ್ಯವಾಗಿರುತ್ತದೆ (ಲೂಯಿ ಪಾಶ್ಚರರ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ). ಅದು ರಕ್ತಕ್ಕೆ ಸೇರಿದರೆ ಪುಟ್ಟ ಹಕ್ಕಿ ಒಂದೆರಡು ದಿನಗಳಲ್ಲೇ ಸಾಯಬಹುದು. ಬದುಕಬೇಕಾದರೆ ಕೆಲವು ಗಂಟೆಗಳೊಳಗೆ ವೈದ್ಯರ ಕೈಯಿಂದ ತಕ್ಕ ಔಷಧ ಸಿಗಬೇಕು. ಇನ್ನು ಹಕ್ಕಿಗೆ ಹಾಲು ಆಹಾರವೇ ಅಲ್ಲ. ಅದರ ಶ್ವಾಸನಾಳದ ಬಾಯಿ ನಾಲಗೆಯ ಬುಡದಲ್ಲಿಯೇ ಇರುವುದರಿಂದ, ಕೊಕ್ಕಿಗೆ ಹನಿಸಿದ್ದು ಶ್ವಾಸಕೋಶಕ್ಕೆ ಇಳಿಯುವ ಅಪಾಯವಿದೆ. ಎಲ್ಲಕ್ಕೂ ಮಿಗಿಲಾಗಿ, ಮನುಷ್ಯರ ಗದ್ದಲವೇ ಅದಕ್ಕೆ ಯಮಭಯ. ನಾವು ಮಾಡಿದ್ದು ದಯೆಯೆಂದು ತಿಳಿದಿದ್ದೆವು. ಆದರೆ ತಿಳಿವಳಿಕೆಯಿಲ್ಲದ ದಯೆಯೂ ಒಂದು ಬಗೆಯ ಪೆಟ್ಟೇ ಆಯಿತು.

ಹಾಗಾದರೆ ಮಾಡಬೇಕಾದುದೇನು? ಮೊದಲು ಬೆಕ್ಕನ್ನು ಒಳಗೆ ಹಾಕಿ ಬಾಗಿಲು ಮುಚ್ಚಬೇಕು. ಬರಿಗೈಯಲ್ಲಿ ಹಿಡಿಯದೆ ಹಳೆಯ ಬೈರಾಸಿನಿಂದ ಜೀವಿಯನ್ನು ಮೆಲ್ಲಗೆ ಎತ್ತಬೇಕು. ಗಾಯಗೊಂಡ ಅಳಿಲು ಹೆದರಿ ಕಚ್ಚುತ್ತದೆ. ಗಾಳಿಗೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಅದರೊಳಗಿಟ್ಟು ಮುಚ್ಚಬೇಕು. ಕತ್ತಲೆ, ಬಿಸುಪು, ನಿಶ್ಶಬ್ದ, ಈ ಮೂರೇ ಅದಕ್ಕೆ ಬೇಕಾದ ಪ್ರಥಮ ಚಿಕಿತ್ಸೆ. ಅನ್ನ, ನೀರು, ಹಾಲು ಯಾವುದೂ ಬೇಡ. ಪದೇ ಪದೇ ಮುಚ್ಚಳ ತೆರೆದು ನೋಡುವುದೂ ಬೇಡ. ಗಾಯ ಕಾಣದಿದ್ದರೂ ತಡಮಾಡದೆ ಮೃಗಾಸ್ಪತ್ರೆಗೆ ಒಯ್ಯಬೇಕು, ಅರಣ್ಯ ಇಲಾಖೆಯವರಿಗೆ ತಿಳಿಸಬೇಕು. ಬದುಕುವ ಆಸೆಯಿಲ್ಲದಿದ್ದರೆ ಅದರ ನೋವನ್ನು ಮುಗಿಸುವ ಕೆಲಸವೂ ವೈದ್ಯರದೇ, ನಮ್ಮದಲ್ಲ.

ಎರಡು ಎಚ್ಚರಿಕೆಗಳಿವೆ. ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಲೇಬಾರದು. ಬೆಕ್ಕು ಹಾವನ್ನು ತಂದರೆ ಅದು ಸತ್ತಂತೆ ಕಂಡರೂ ದೂರ ನಿಲ್ಲಬೇಕು. ಕೇರಳದ ಅರಣ್ಯ ಇಲಾಖೆಯ ‘ಸರ್ಪ’ ಎಂಬ ಆ್ಯಪಿನ ಮೂಲಕ ತರಬೇತಾದವರನ್ನು ಕರೆಸಬಹುದು. ಬೇಟೆಯನ್ನು ಬಿಡಿಸುವಾಗ ಬೆಕ್ಕೇ ಕಚ್ಚಿದರೆ, ಪರಚಿದರೆ, ಗಾಯವನ್ನು ಸಾಬೂನು ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಬೇಕು. ಹುಚ್ಚುನಾಯಿ ರೋಗ ಬೆಕ್ಕಿನಿಂದಲೂ ಬರುತ್ತದೆ. ಮನೆಯಲ್ಲಿ ಬೈಗುಳ ಸಿಕ್ಕೀತೆಂದು ಹೆದರಿ ಗಾಯವನ್ನು ಮುಚ್ಚಿಡಬೇಡಿರಿ ಎಂದು ತಮ್ಮ ತಂಗಿಯರಲ್ಲಿ ನಮ್ಮ ವಿನಂತಿ. ಅಂಥ ಗಾಯ ತೋರಿಸಿದಾಗ ಗದರಿಸಬೇಡಿ ಎಂದು ಹೆತ್ತವರಲ್ಲಿಯೂ ವಿನಂತಿ.

ನೆಲದಲ್ಲಿ ಕುಪ್ಪಳಿಸುವ ಮರಿಯೆಲ್ಲ ಅನಾಥವಲ್ಲ ಎಂಬುದನ್ನೂ ಹೇಳಬೇಕು. ಪಿಕಳಾರದ ಮರಿ ಚೆನ್ನಾಗಿ ಹಾರಲು ಕಲಿಯುವ ಮೊದಲೇ ಗೂಡು ಬಿಡುತ್ತದೆ. ತಾಯಿ ತಂದೆ ಅಲ್ಲೇ ಸುತ್ತಮುತ್ತ ಇರುತ್ತವೆ. ಬೆಕ್ಕು ಮುಟ್ಟಿಲ್ಲದಿದ್ದರೆ ಅದನ್ನು ಪೊದೆಯ ಮೇಲೆ ಕೂರಿಸಿ ದೂರ ಹೋದರೆ ಸಾಕು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸುವುದಿಲ್ಲ ಎಂಬ ಮಾತು ನಿಜವಲ್ಲ. ಗುಣವಾದ ಮೇಲೆ ಮನೆಯಲ್ಲೇ ಸಾಕೋಣವೆಂದರೆ ಅದೂ ಸಲ್ಲದು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಗಿಳಿಯಂಥ ನಮ್ಮ ನಾಡಿನ ಕಾಡುಹಕ್ಕಿಗಳನ್ನು ಪಂಜರದಲ್ಲಿಡುವುದು ಅಪರಾಧ.

‘ಬೆಕ್ಕು ಹಿಡಿಯುವುದು ಪ್ರಕೃತಿ ನಿಯಮ, ನಿಮಗೇಕೆ ಉಸಾಬರಿ?’ ಎಂದು ಹಿರಿಯರು ಕೇಳಬಹುದು. ನಮ್ಮ ಉತ್ತರ ಇಷ್ಟೇ: ಹಾವು, ಗಿಡುಗಗಳು ಹಸಿವಿಗಾಗಿ ಬೇಟೆಯಾಡುತ್ತವೆ, ಅದು ಪ್ರಕೃತಿ. ನಮ್ಮ ಬೆಕ್ಕಾದರೋ ಅನ್ನ ಮೀನು ಉಂಡು, ಒಲೆಯ ಪಕ್ಕದಲ್ಲಿ ಮಲಗಿ, ಎದ್ದ ಮೇಲೆ ಬೇಟೆಗೆ ಹೊರಡುತ್ತದೆ. ಅದನ್ನು ಮನೆಗೆ ತಂದವರು ನಾವು. ಆದ್ದರಿಂದ ಅದರ ಬೇಟೆಯ ಹೊಣೆಯಲ್ಲಿ ನಮಗೂ ಪಾಲಿದೆ.

ಹಾಗೆಂದು ಬೆಕ್ಕನ್ನು ಬಡಿಯುವುದು ನ್ಯಾಯವೇ? ಇಲಿ ಹಿಡಿದ ದಿನ ಶಾಭಾಸ್ ಎನ್ನುತ್ತೇವೆ, ಹಕ್ಕಿ ಹಿಡಿದ ದಿನ ಕೋಲೆತ್ತುತ್ತೇವೆ. ಆ ಭೇದ ಬೆಕ್ಕಿಗೆ ತಿಳಿಯದು. ಅಂದು ಮರಿ ಸತ್ತ ಸುದ್ದಿ ಕೇಳಿ ಪಕ್ಕದ ಮನೆಯವರು ಬೆಕ್ಕನ್ನು ಗೋಣಿಯಲ್ಲಿ ಕಟ್ಟಿ ಮೀನುಮಾರ್ಕೆಟಿಗೆ ಬಿಟ್ಟು ಬರಲು ಹೊರಟಿದ್ದರು. ನಾವೇ ಹೋಗಿ ಬೇಡವೆಂದೆವು. ಬಿಟ್ಟ ಬೆಕ್ಕು ಬೇರೆ ಕಡೆ ಬೇಟೆಯಾಡುತ್ತದೆ, ಇಲ್ಲವೇ ನಾಯಿಯ ಬಾಯಿಗೆ ಬೀಳುತ್ತದೆ, ಅಷ್ಟೇ.

ಅದರ ಬದಲು ಹಕ್ಕಿಗಳು ಗೂಡು ಕಟ್ಟುವ ತಿಂಗಳುಗಳಲ್ಲಿ ಮುಂಜಾನೆ, ಮುಸ್ಸಂಜೆ, ರಾತ್ರಿ ಅದನ್ನು ಒಳಗಿರಿಸೋಣ. ಹೊಟ್ಟೆ ತುಂಬ ಉಣಿಸೋಣ. ಹಗ್ಗದ ತುಂಡು ಕೊಟ್ಟು ಆಟವಾಡಿಸೋಣ. ಇಂಗ್ಲೆಂಡಿನಲ್ಲಿ 2021ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ದಿನಕ್ಕೆ 5ರಿಂದ 10 ನಿಮಿಷ ಆಡಿಸಿದ ಬೆಕ್ಕುಗಳು ಮನೆಗೆ ತಂದ ಬೇಟೆ ಕಾಲುಪಾಲು ಕಡಿಮೆಯಾಗಿತ್ತು. ಇದಕ್ಕೆ ಕಾಸೂ ಬೇಡ, ಕಷ್ಟವೂ ಇಲ್ಲ.

ಪಕ್ಕದ ಮನೆಯ ಬೆಕ್ಕು ಈಗಲೂ ಇದೆ. ಸಂಜೆಯಾದರೆ ಕಿಟಕಿಯೊಳಗೆ ಕೂತು ನಮ್ಮ ಬೇಲಿಯನ್ನೇ ನೋಡುತ್ತಿರುತ್ತದೆ. ನಮ್ಮ ತರಗತಿಯ ಕಪಾಟಿನಲ್ಲಿ ತೂತು ಮಾಡಿದ ರಟ್ಟಿನ ಪೆಟ್ಟಿಗೆಯೊಂದು ಸಿದ್ಧವಾಗಿದೆ. ನಾವು ಈ ವರ್ಷ ಶಾಲೆ ಬಿಟ್ಟು ಹೋಗುತ್ತೇವೆ. ಪೆಟ್ಟಿಗೆಯನ್ನು ಒಂಬತ್ತನೆಯವರ ವಶಕ್ಕೆ ಒಪ್ಪಿಸಿದ್ದೇವೆ. ಅದರ ಅಗತ್ಯ ಬಾರದಿರಲಿ. ಬಂದರೆ, ನಾವು ಮಾಡಿದ ತಪ್ಪನ್ನು ಅವರು ಮಾಡದಿರಲಿ.