ಬಿಟ್ಟ ಊಟದ ಬೆಲೆ ಎಲ್ಲಿ ಹೋಯಿತು?

ಸೋಮವಾರ ಒಪ್ಪತ್ತು ಇರುವವರು ನಮ್ಮ ಕಡೆ ಮನೆಗೊಬ್ಬರಾದರೂ ಸಿಗುತ್ತಾರೆ. ಶ್ರಾವಣ ಬಂದರೆ ಮನೆಮಂದಿಯೆಲ್ಲ. ಶಿವರಾತ್ರಿ, ಏಕಾದಶಿ, ರಂಜಾನ್ ತಿಂಗಳ ರೋಜಾ, ಹೀಗೆ ಹಸಿವು ತಡೆಯುವುದು ಗದಗ ಜಿಲ್ಲೆಯವರಿಗೆ ಹೊಸದೇನಲ್ಲ. ಆದರೆ ಒಂದು ಪ್ರಶ್ನೆ ಕೇಳಿಕೊಂಡಿದ್ದೇವೆಯೇ? ಆ ದಿನ ನಾವು ಬಿಟ್ಟ ಊಟದ ಬೆಲೆ ಎಲ್ಲಿ ಹೋಯಿತು?

ನಿಜ ಹೇಳಬೇಕೆಂದರೆ ಎಲ್ಲಿಗೂ ಹೋಗಿಲ್ಲ. ಸಾಬೂದಾಣಿ, ಶೇಂಗಾ, ಬಾಳೆಹಣ್ಣು, ಹಾಲು ಅಂತ ಲೆಕ್ಕ ಹಾಕಿದರೆ ಉಪವಾಸದ ದಿನದ ಖರ್ಚೇ ಹೆಚ್ಚು!

ಈ ಪ್ರಶ್ನೆ ನನ್ನ ತಲೆಗೆ ಬಂದದ್ದು ಮಾರ್ಮನ್ನರ ಬಗ್ಗೆ ಓದುವಾಗ. ಇವರು ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥದವರು. 1830ರಲ್ಲಿ ಜೋಸೆಫ್ ಸ್ಮಿತ್ ಎಂಬುವರು ಕಟ್ಟಿದ ಚರ್ಚು ಇವರದು. ಬೈಬಲ್ ಜೊತೆಗೆ 'ಮಾರ್ಮನ್ ಗ್ರಂಥ'ವನ್ನೂ ಇವರು ಶಾಸ್ತ್ರವೆಂದು ನಂಬುತ್ತಾರೆ. ಬೆಟಗೇರಿಗೆ 19ನೇ ಶತಮಾನದಲ್ಲೇ ಬಾಸೆಲ್ ಮಿಷನ್ ಬಂದಿತ್ತು, ಹಾಗಾಗಿ ಚರ್ಚು ನಮಗೆ ಗೊತ್ತು. ಮಾರ್ಮನ್ನರು ಮಾತ್ರ ಗೊತ್ತಿಲ್ಲ. ಆದರೆ ನಮ್ಮದೇ ಬೆಂಗಳೂರಿನಲ್ಲಿ ಅವರಿದ್ದಾರೆ. ಭಾರತದ ಮೊದಲ ಮಾರ್ಮನ್ ದೇಗುಲವನ್ನು ಅಲ್ಲಿ ಕಟ್ಟುವುದಾಗಿ 2018ರ ಏಪ್ರಿಲ್‌ನಲ್ಲಿ ಘೋಷಿಸಿದರು. 2020ರ ಡಿಸೆಂಬರ್‌ನಲ್ಲಿ ಅದಕ್ಕೆ ಭೂಮಿಪೂಜೆಯಂಥ ಕಾರ್ಯಕ್ರಮವೂ ಆಯಿತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ದೇಗುಲವಲ್ಲ, ಉಪವಾಸ. ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ ಎರಡು ಹೊತ್ತಿನ ಊಟ ಬಿಡುತ್ತಾರೆ. ಬಿಟ್ಟ ಆ ಎರಡು ಊಟಕ್ಕೆ ಎಷ್ಟು ಖರ್ಚಾಗುತ್ತಿತ್ತೋ ಅಷ್ಟನ್ನು, ಆದರೆ ಅದಕ್ಕಿಂತ ಹೆಚ್ಚನ್ನು, ಕಷ್ಟದಲ್ಲಿರುವವರಿಗೆಂದು ಕೊಡುತ್ತಾರೆ. ಅದನ್ನು ಹಂಚುವ ಹೊಣೆ ಸ್ಥಳೀಯ ಬಿಷಪ್‌ನದು. ಆತ ಸಂಬಳದ ಪಾದ್ರಿಯಲ್ಲ. ವಾರವಿಡೀ ತನ್ನ ನೌಕರಿಯನ್ನೋ ವ್ಯಾಪಾರವನ್ನೋ ಮಾಡಿಕೊಂಡು ಈ ಕೆಲಸವನ್ನೂ ಮಾಡುವ ಒಬ್ಬ ಸದಸ್ಯ. ಯಾರಿಗೆ ಸಹಾಯ ಹೋಯಿತು ಎಂಬುದನ್ನು ಊರಿಗೆ ಡಂಗುರ ಹೊಡೆಯುವುದಿಲ್ಲ. ಇದಲ್ಲದೆ ಒಂದೊಂದು ಮನೆಯ ಸುಖದುಃಖ ವಿಚಾರಿಸಲು ಇಂತಿಂಥವರು ಅಂತ ಸದಸ್ಯರನ್ನು ನೇಮಿಸಿರುತ್ತಾರೆ.

ಅವರ ಗ್ರಂಥದಲ್ಲಿ ಬೆಂಜಮಿನ್ ಎಂಬ ಅರಸ ಬರುತ್ತಾನೆ. ಮುದುಕನಾದಾಗ ಪ್ರಜೆಗಳನ್ನು ಕರೆದು ಅವನು ಹೇಳುವ ಮಾತಿನ ಸಾರ ಇಷ್ಟೇ: ದೇವರ ಮುಂದೆ ನಾವೆಲ್ಲರೂ ಬೇಡುವವರೇ, ಹಾಗಿರುವಾಗ ನಿನ್ನೆದುರು ಕೈಚಾಚಿದವನನ್ನು ಹೇಗೆ ಹಳಿಯುತ್ತೀ? ಓದಿದಾಗ ನನಗೆ ಇದು ಪರದೇಶದ ಮಾತು ಅನ್ನಿಸಲಿಲ್ಲ. ದಾಸೋಹದ ನಾಡಿನವರಿಗೆ ಹೇಗೆ ಅನ್ನಿಸೀತು?

ಯಾಕೆಂದರೆ ಕೊಡುವುದನ್ನು ನಮಗೆ ಯಾರೂ ಕಲಿಸಬೇಕಿಲ್ಲ. ಮುಂಡರಗಿ ತಾಲ್ಲೂಕಿನ ಡಂಬಳದಲ್ಲಿ ರೊಟ್ಟಿ ಜಾತ್ರೆಗೆ ಮನೆಮನೆಯಲ್ಲೂ ರೊಟ್ಟಿ ಬಡಿದು ಮಠಕ್ಕೆ ಒಯ್ಯುತ್ತಾರೆ, ಜಾತಿ ಕೇಳದೆ ಕೂತು ಉಣ್ಣುತ್ತಾರೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಅನ್ನ, ಸಂಗೀತ ಎರಡನ್ನೂ ಕೊಟ್ಟದ್ದು ಭಕ್ತರ ಕಾಳುಕಡಿಯಿಂದಲೇ. ಶಿರಹಟ್ಟಿಯ ಫಕೀರೇಶ್ವರರ ಗದ್ದುಗೆಗೆ ಹಿಂದೂಗಳೂ ಬರುತ್ತಾರೆ, ಮುಸ್ಲಿಮರೂ ಬರುತ್ತಾರೆ. ಲಕ್ಷ್ಮೇಶ್ವರದ ಮುಸ್ಲಿಂ ಓಣಿಗಳಲ್ಲಿ ಈದ್ ನಮಾಜಿಗೆ ಮೊದಲು ಮನೆಯ ತಲೆಗಿಷ್ಟು ಅಂತ ಫಿತ್ರಾ ಎತ್ತಿಡುತ್ತಾರೆ.

ಹಾಗಾದರೆ ಕೊರತೆ ಎಲ್ಲಿದೆ? ನಮ್ಮ ದಾನ ಜಾತ್ರೆಯ ದಿನ ಉಕ್ಕುತ್ತದೆ, ಮರುದಿನ ಬತ್ತುತ್ತದೆ. ಜಾತ್ರೆಯಲ್ಲಿ ಸಾವಿರ ಮಂದಿ ಉಂಡ ಊರಿನಲ್ಲೇ ಬಿಪಿ ಗುಳಿಗೆ ಮುಗಿದು ಹದಿನೈದು ದಿನವಾದರೂ ಬಾಯಿ ಬಿಡದ ಅಜ್ಜಿ ಇರುತ್ತಾಳೆ. ಗದಗಿನ ದೊಡ್ಡ ಆಸ್ಪತ್ರೆಗೆ ಹೋಗಲು ಕೈಯಲ್ಲಿ ದುಡ್ಡಿಲ್ಲದೆ ನಾಳೆ ನೋಡೋಣ ಅನ್ನುವವರಿರುತ್ತಾರೆ. ವಾರದ ಕಂತಿಗೆ ಹೆದರಿ ಬಾಗಿಲು ಹಾಕಿಕೊಂಡು ಕೂರುವ ಮನೆ ಇರುತ್ತದೆ. ಇವರು ಪಂಕ್ತಿಗೆ ಬರುವವರಲ್ಲ, ಕೇಳುವವರೂ ಅಲ್ಲ. ಕೇಳಿದರೆ ಮಾನ ಹೋಗುತ್ತದೆ.

ಮಾನ ಹೋಗುವುದು ಸುಳ್ಳೂ ಅಲ್ಲ. ಗುಡಿಗೆ ಫ್ಯಾನ್ ಕೊಟ್ಟರೆ ಮೂರು ರೆಕ್ಕೆಯ ಮೇಲೂ ಹೆಸರು ಬರೆಸುವವರು ನಾವು. ಇನ್ನು ಒಂದು ಕಿಟ್ ಕೊಟ್ಟರೆ ಪಡೆದವರ ಫೋಟೊ ವಾಟ್ಸ್‌ಆ್ಯಪ್‌ಗೆ ಹೋಗದೆ ಇರುತ್ತದೆಯೇ?

ಹಾಗಂತ ಮಾರ್ಮನ್ನರು ದೇವತೆಗಳೇನಲ್ಲ. ಕಪ್ಪು ಜನಾಂಗದ ಗಂಡಸರಿಗೆ 1978ರವರೆಗೆ ಪೌರೋಹಿತ್ಯವನ್ನೇ ಕೊಡದ ಚರ್ಚು ಅದು. ಇಂದಿಗೂ ಹೆಂಗಸರಿಗೆ ಕೊಡುವುದಿಲ್ಲ. ಚರ್ಚಿನ ಭಾರೀ ಷೇರು ಹೂಡಿಕೆಯನ್ನು ಬೇರೆ ಕಂಪನಿಗಳ ಹೆಸರಿನ ಹಿಂದೆ ಮರೆಮಾಚಿದ್ದಕ್ಕೆ 2023ರ ಫೆಬ್ರವರಿಯಲ್ಲಿ ಅಮೆರಿಕದ ಷೇರು ಮಾರುಕಟ್ಟೆ ನಿಯಂತ್ರಕರು ಚರ್ಚಿಗೂ ಅದರ ಹೂಡಿಕೆ ಸಂಸ್ಥೆಗೂ ಸೇರಿ 50 ಲಕ್ಷ ಡಾಲರ್ ದಂಡ ಹಾಕಿದರು. ಅವರ ಒಳ್ಳೆಯದನ್ನೂ ಕೆಟ್ಟದ್ದನ್ನೂ ಸೇರಿಸಿ ನೋಡಿದರೆ ನಮಗೆ ಒಂದು ಪಾಠ ಸಿಗುತ್ತದೆ: ಪಡೆದವರ ಹೆಸರು ಗುಟ್ಟಾಗಿರಬೇಕು, ದುಡ್ಡಿನ ಲೆಕ್ಕ ಬಯಲಾಗಿರಬೇಕು. ನಮ್ಮೂರುಗಳಲ್ಲಿ ಆಗುತ್ತಿರುವುದು ಬಹಳ ಸಲ ಇದರ ಉಲ್ಟಾ.

ಈ ಮಾತು ಕೇಳಿ ಯಾರಾದರೂ 'ಮತಾಂತರದ ಮಾತು ತಂದ' ಅನ್ನಬಹುದು. ಯಾರೂ ದೇವರನ್ನು ಬದಲಿಸಬೇಕಿಲ್ಲ, ಮಂತ್ರ ಬದಲಿಸಬೇಕಿಲ್ಲ. ಈಗಾಗಲೇ ಮಾಡುತ್ತಿರುವ ಉಪವಾಸಕ್ಕೆ ಒಂದು ಡಬ್ಬಿ ಇಟ್ಟರೆ ಸಾಕು. ತಿಂಗಳಿಗೆ ಒಂದು ಸೋಮವಾರ ಅಥವಾ ಶುಕ್ರವಾರ, ಬಿಟ್ಟ ಒಂದು ಊಟಕ್ಕೆ 30 ರೂಪಾಯಿ. ನೂರು ಮನೆ ಸೇರಿದರೆ 3,000 ಆಯಿತು. ಸ್ತ್ರೀಶಕ್ತಿ ಸಂಘದ ಇಬ್ಬರು, ಊರಿನ ಶಾಲೆಯ ಒಬ್ಬರು ಮೇಷ್ಟ್ರು ನೋಡಿಕೊಳ್ಳಲಿ. ಎಷ್ಟು ಬಂತು, ಎಷ್ಟು ಹೋಯಿತು ಎಂಬುದನ್ನು ಪಂಚಾಯಿತಿ ಬೋರ್ಡಿಗೆ ಬರೆಯಲಿ. ಯಾರಿಗೆ ಹೋಯಿತು ಎಂಬುದು ಆ ಮೂವರಲ್ಲೇ ಉಳಿಯಲಿ.

ಇದೆಲ್ಲ ಆಗುವ ಮಾತೇ ಅಂತ ಕೇಳಬೇಡಿ. ನಮ್ಮ ಗದಗ ತಾಲ್ಲೂಕಿನ ಕಣಗಿನಹಾಳದಲ್ಲೇ 1905ರಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಇವತ್ತಿಗೂ ಆ ಊರನ್ನು ಸಹಕಾರ ಚಳವಳಿಯ ತವರು ಅನ್ನುತ್ತಾರೆ. ಊರ ಜನ ಕೂಡಿ ದುಡ್ಡು ಹಾಕಿ, ಲೆಕ್ಕ ಇಟ್ಟು, ಒಬ್ಬರಿಗೊಬ್ಬರು ಆಗುವುದು ನಮ್ಮದೇ ಮಣ್ಣಿನ ವಿದ್ಯೆ.

ಮುಂದಿನ ಒಪ್ಪತ್ತಿನ ದಿನ ಸಾಬೂದಾಣಿ ನೆನೆ ಹಾಕುವ ಮುಂಚೆ ಒಂದು ಸಲ ಓಣಿಯ ಕೊನೆಯ ಮನೆಯ ಕಡೆ ನೋಡಿ. ಅಲ್ಲಿ ಒಲೆ ಹೊತ್ತಿದೆಯೇ?