ಬೆನ್ನಿನ ಕಟ್ಟು



ಕಳೆದ ಮಳೆಗಾಲದಲ್ಲಿ ಗೊಬ್ಬರದ ಚೀಲವನ್ನು ಬಗ್ಗಿ ಎತ್ತಲು ಹೋಗಿ ನನ್ನ ಸೊಂಟ ಹಿಡಿದುಕೊಂಡಿತು. ನೋಡಲು ಬಂದವರಲ್ಲಿ ಒಬ್ಬರು, ಕಾಲು ಮುಂದಾಗಿ ಹುಟ್ಟಿದವರಿಂದ ಬೆನ್ನಿಗೆ ಒದೆಸಿಕೊಂಡರೆ ಉಳುಕು ಹೋಗುವುದೆಂದರು; ಇನ್ನೊಬ್ಬರು ತಿಂಗಳ ಕಾಲ ಅಲುಗಾಡದೆ ಮಲಗಬೇಕೆಂದರು. ಎರಡನೆಯ ಸಲಹೆಯನ್ನು ಹತ್ತು ದಿನ ಪಾಲಿಸಿದೆ. ನೋವು ಹೋಗಲಿಲ್ಲ, ಎದ್ದು ನಿಲ್ಲುವ ಧೈರ್ಯ ಹೋಯಿತು. ಕೊನೆಗೆ ವೈದ್ಯನಾಗಿರುವ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಪರೀಕ್ಷಿಸಿ, "ಮೇಷ್ಟ್ರೇ, ಮೂಳೆಗೆ ಏನೂ ಆಗಿಲ್ಲ, ಕಟ್ಟು ಸೆಳೆದಿದೆ. ಎದ್ದು ನಡೆಯಿರಿ" ಎಂದ.

ಅವನು ಕಟ್ಟು ಎಂದದ್ದು ಅಸ್ಥಿರಜ್ಜುಗಳನ್ನು, ಅಂದರೆ ಲಿಗಮೆಂಟುಗಳನ್ನು. ಹುಲ್ಲು ಹೇರಿದ ಗಾಡಿಗೆ ಹಗ್ಗ ಬಿಗಿದಂತೆ, ಬೆನ್ನುಮೂಳೆಯ ಕಶೇರುಗಳನ್ನು ಇವು ಹಿಡಿದಿಟ್ಟಿವೆ. ಮುಂಭಾಗದ ಉದ್ದನೆಯ ರಜ್ಜು ಬೆನ್ನು ಅತಿಯಾಗಿ ಹಿಂದಕ್ಕೆ ಬಾಗದಂತೆ ತಡೆದರೆ, ಹಿಂಭಾಗದವು ಅತಿಯಾಗಿ ಮುಂದಕ್ಕೆ ಬಾಗದಂತೆ ತಡೆಯುತ್ತವೆ. ಅವುಗಳಲ್ಲೊಂದು ಹಳದಿ ಬಣ್ಣದ್ದು. ರಬ್ಬರಿನಂತೆ ಹಿಗ್ಗಿ ಮತ್ತೆ ಸ್ವಸ್ಥಾನಕ್ಕೆ ಬರುವಂಥದ್ದು. ಈ ಎಲ್ಲ ಕಟ್ಟುಗಳ ನಡುವೆ ಬೆನ್ನುಹುರಿ ಸುರಕ್ಷಿತವಾಗಿರುತ್ತದೆ.

ಅಸ್ಥಿರಜ್ಜುಗಳಿಗೆ ರಕ್ತದ ಪೂರೈಕೆ ಕಡಿಮೆಯಾದ್ದರಿಂದ ಅವು ನಿಧಾನವಾಗಿ ಮಾಗುತ್ತವೆ. ಹಾಗೆಂದು ಮಲಗಿಯೇ ಇದ್ದರೆ ಬೆನ್ನಿಗೆ ಆಸರೆಯಾದ ಸ್ನಾಯುಗಳೂ ಸೊರಗುತ್ತವೆ. ಸಾಮಾನ್ಯ ಉಳುಕಿಗೆ ಒಂದೆರಡು ದಿನದ ವಿಶ್ರಾಂತಿ, ಬಿಸಿ ಶಾಖ, ವೈದ್ಯರು ಹೇಳಿದ ಮಾತ್ರೆ, ಬಳಿಕ ನಡಿಗೆ ಮತ್ತು ಕ್ರಮವಾದ ವ್ಯಾಯಾಮ ಸಾಕು. ಬಹುಪಾಲು ಜನರಿಗೆ ಕೆಲವು ವಾರಗಳಲ್ಲಿ ಗುಣವಾಗುತ್ತದೆ. ಆದರೆ ಕಾಲುಗಳಲ್ಲಿ ಬಲ ಕುಗ್ಗಿದರೆ, ಕೂರುವ ಭಾಗ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ತಕ್ಷಣವೇ ಆಸ್ಪತ್ರೆಗೆ ಹೋಗಬೇಕು.

ಇಷ್ಟನ್ನೇ ಹೇಳುವುದಾಗಿದ್ದರೆ ಈ ಲೇಖನ ಬರೆಯುತ್ತಿರಲಿಲ್ಲ. ಹಲವು ವರ್ಷಗಳ ಹಿಂದೆ ನಮ್ಮ ನೆರೆಯ ತೋಟದಲ್ಲಿ ಯುವಕನೊಬ್ಬ ಅಡಿಕೆ ಮರದಿಂದ ಬಿದ್ದ. ನಾವು ನಾಲ್ವರು ಗಾಬರಿಯಿಂದ ಅವನ ಕೈಕಾಲು ಹಿಡಿದೆತ್ತಿ, ಜೀಪಿನ ಹಿಂದಿನ ಸೀಟಿನಲ್ಲಿ ಮುದುರಿ ಕೂರಿಸಿ ಪಟ್ಟಣಕ್ಕೆ ಒಯ್ದೆವು. ಕಶೇರು ಮುರಿದು, ಹಿಂಭಾಗದ ಕಟ್ಟುಗಳು ಹರಿದು, ಮೂಳೆ ಜಾರಿತ್ತು. ಶಸ್ತ್ರಚಿಕಿತ್ಸೆ ಮಾಡಿ ತಿರುಪು, ಸರಳುಗಳಿಂದ ಬಿಗಿದರು. ಬೆನ್ನು ನೆಟ್ಟಗಾಯಿತು, ಕಾಲಿಗೆ ಬಲ ಬರಲಿಲ್ಲ. ಆ ಬಲ ಬಿದ್ದಾಗಲೇ ಹೋಗಿತ್ತೋ, ನಾವು ಎತ್ತಿದಾಗ ಹೋಯಿತೋ ಯಾರೂ ಹೇಳಲಾರರು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ಹೊತ್ತಿನಲ್ಲಿ ತಿಳಿಯಬೇಕಾದ ಒಂದು ಪಾಠ ತಿಳಿದಿರಲಿಲ್ಲ.

ಸಣ್ಣ ನೋವಿಗೆ ಅತಿಯಾಗಿ ಮಲಗುವುದು, ದೊಡ್ಡ ಪೆಟ್ಟಿಗೆ ಅತಿಯಾಗಿ ಅಲುಗಾಡಿಸುವುದು: ನಮ್ಮ ರೂಢಿ ಎರಡು ಕಡೆಯೂ ತಲೆಕೆಳಗಾಗಿದೆಯೆಂಬುದು ನನ್ನ ದೃಢವಾದ ಅಭಿಪ್ರಾಯ. ಮರದಿಂದಲೋ ವಾಹನದಿಂದಲೋ ಬಿದ್ದವರನ್ನು ಕೂರಿಸಬೇಡಿ, ಕತ್ತು ತಿರುಗಿಸಬೇಡಿ. 108ಕ್ಕೆ ಕರೆಮಾಡಿ ಕಾಯಿರಿ. ಬೆಂಕಿ, ನೀರಿನಂಥ ಅಪಾಯದಿಂದ ಸರಿಸಲೇಬೇಕಾದರೆ ತಲೆ, ಕತ್ತು, ಮೈ ಒಂದೇ ನೇರದಲ್ಲಿರುವಂತೆ ನಾಲ್ಕಾರು ಜನ ಸೇರಿ ಹಲಗೆಯ ಮೇಲೆ ಸಾಗಿಸಿ. ನಿಮ್ಮಲ್ಲಿ ಅಧ್ಯಾಪಕರಾಗಿರುವವರು ಇದನ್ನು ಮಕ್ಕಳಿಗೂ ಹೇಳಿಕೊಡಿ. ನಾನು ಹೇಳಿಕೊಡದೆ ಬಿಟ್ಟ ಪಾಠವಿದು.